ಹುಲ್ಲುಕಟ್ಟಿನ ತಂತಿ
ಮಂಡಕಳ್ಳಿಯ ವಿಮಾನನಿಲ್ದಾಣದ ಆಸುಪಾಸಿನಲ್ಲಿ ಮನೆ ಕಟ್ಟುವಲ್ಲೆಲ್ಲ, ಕಂಬಿಗಳ ಸಂಧಿಗೆ ಕಪ್ಪು ತಂತಿಯನ್ನು ಇಮ್ಮಡಿಸಿ ಸುತ್ತಿ, ಕೊಕ್ಕೆಯಿಂದ ಎರಡು ತಿರುವು ಕೊಟ್ಟು ಬಿಗಿಯುವ ಕೆಲಸಗಾರನ ಕೈಚಳಕವನ್ನು ಕಾಣಬಹುದು. ಕೆಂಪಗೆ ಕಾಯಿಸಿ ಮೆಲ್ಲನೆ ಆರಿಸಿದುದರಿಂದಲೇ ಮಾರ್ದವವನ್ನು ಪಡೆಯುವ ಈ ತಂತಿಯು, ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಣಹುಲ್ಲಿನ ಪಿಂಡಿಗಳನ್ನು ಕಟ್ಟುತ್ತ, ಮುರಿದ ನೇಗಿಲು, ಬೇಲಿಗಳಿಗೂ ಆಸರೆಯಾಗಿದ್ದಿತು. 1940ರ ಸುಮಾರಿಗೆ ದಾರದಿಂದ ಕಟ್ಟುವ ಯಂತ್ರವು ಬಂದ ಮೇಲೆ ಅದು ಮೇವಿನಿಂದ ಕ್ರಮೇಣ ದೂರವಾಗಿ, ಇಂದು ರದ್ದಿಕಾಗದದ ಬೃಹತ್ ಪಿಂಡಿಗಳನ್ನು ಬಿಗಿಯುತ್ತಿದೆ. ನಮ್ಮ ಗದ್ದೆಗಳ ಬೇಲರ್ ಯಂತ್ರವೂ ಭತ್ತದ ಹುಲ್ಲಿಗೆ ದಾರವನ್ನೇ ಸುತ್ತುವುದು ಗೋವುಗಳ ಪುಣ್ಯವೆನ್ನಬೇಕು. ಏಕೆಂದರೆ ಮೇವಿನೊಡನೆ ಒಳಹೊಕ್ಕ ತಂತಿಯ ಚೂರು ಹಸುವಿನ ಎರಡನೆಯ ಜಠರದಲ್ಲಿ ತಂಗಿ, ಅದರ ಭಿತ್ತಿಯನ್ನು ಭೇದಿಸಿ ಹೃದಯದವರೆಗೂ ಚುಚ್ಚಬಲ್ಲದು. ಆದುದರಿಂದ, ಮನೆ ಕಟ್ಟುವಲ್ಲಿ ಕತ್ತರಿಸಿ ಬಿದ್ದ ತಂತಿಯ ತುಂಡುಗಳನ್ನು ದಿನದಿನವೂ ಸಂಜೆ ಆಯಿಸಿ ಚೀಲಕ್ಕೆ ತುಂಬಿಸಬೇಕೆಂದು ಮೇಸ್ತ್ರಿಗಳಲ್ಲಿ ನನ್ನ ವಿಜ್ಞಾಪನೆ.