ಹೊತ್ತು ಹೋಗುವುದಕ್ಕಲ್ಲ

ಕಂಪ್ಯೂಟರ್ ಕೆಲಸ ಬಿಟ್ಟು ಬರವಣಿಗೆಗೆ ಕೂತ ಹೆಂಗಸಿಗೆ ನಮ್ಮ ಜನ ಒಂದು ಮಾತನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. "ಒಳ್ಳೆಯದಾಯಿತು ಬಿಡಿ, ಮನೇಲಿದ್ದ ಹಾಗೂ ಆಯಿತು, ಹೊತ್ತೂ ಹೋಗುತ್ತೆ." ವಿಮಾನಪುರದ ನಮ್ಮ ಬೀದಿಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ! ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಮಾತು ಮಾತ್ರ ಕೆಟ್ಟದ್ದು. ಪ್ರೋಗ್ರಾಮರ್ ಆಗಿ ಸಂಬಳಕ್ಕೆ ಬರೆದ ಸಾಲುಗಳು ಕೆಲಸ, ಸಂಬಳ ನಿಂತ ಮೇಲೆ ಬರೆದ ಸಾಲುಗಳು ಹವ್ಯಾಸ. ಇದೆಂಥ ಲೆಕ್ಕ?

ಪ್ರೋಗ್ರಾಂ ಬರೆಯುವವರು ಪ್ರತಿ ಬದಲಾವಣೆಗೂ ತಾರೀಖು ಹಾಕುತ್ತಾರೆ, ಯಾಕೆ ಹೀಗೆ ಮಾಡಿದೆ ಎಂದು ಪಕ್ಕದಲ್ಲೇ ಬರೆದಿಡುತ್ತಾರೆ. ನಾಳೆ ಓದುವವರಿಗೆ ತಿಳಿಯಬೇಕಲ್ಲ? ಸಂಶೋಧನೆ ಬೇಡುವುದೂ ಇದೇ ಶಿಸ್ತನ್ನು. ಈ ವಿದ್ಯೆಯ ಚರಿತ್ರೆಯೇ ಒಬ್ಬ ಹೆಂಗಸಿನ ಟಿಪ್ಪಣಿಯಿಂದ ಶುರುವಾಗುತ್ತದೆ. 1843ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್, ಬ್ಯಾಬೇಜನ ಗಣಕಯಂತ್ರದ ಮೇಲಿನ ಫ್ರೆಂಚ್ ಲೇಖನವೊಂದನ್ನು ಅನುವಾದಿಸಿ, ಮೂಲಕ್ಕಿಂತ ಎಷ್ಟೋ ಉದ್ದದ ಟಿಪ್ಪಣಿಗಳನ್ನು ಸೇರಿಸಿದಳು. ಮೊದಲ ಪ್ರೋಗ್ರಾಂ ಎಂದು ಇಂದು ಅನೇಕರು ಹೇಳುವುದು ಅವುಗಳಲ್ಲಿ ಒಂದನ್ನು. ಕೆಳಗಿದ್ದದ್ದು ಬರೀ ಮೂರು ಇನಿಷಿಯಲ್, ಪೂರ್ತಿ ಹೆಸರಿಲ್ಲ.

ಅಷ್ಟು ದೂರ ಯಾಕೆ? ನಮ್ಮೂರಿನ ಹೆಸರಿಗೆ ಕಾರಣವಾದ, 1940ರಲ್ಲಿ ಶುರುವಾದ ಎಚ್.ಎ.ಎಲ್. ಸಂಸ್ಥೆಯಲ್ಲೇ ಇಂಜಿನಿಯರ್ ಆಗಿದ್ದವರು ನೇಮಿಚಂದ್ರ. ನಾಜಿಗಳ ಕಾಲದ ಯಹೂದಿಗಳ ನರಮೇಧವನ್ನು, ಬೆಂಗಳೂರಿಗೆ ಬಂದು ಸೇರಿದ ಹುಡುಗಿಯೊಬ್ಬಳ ಮೂಲಕ ಹೇಳುವ ಅವರ 'ಯಾದ್ ವಶೇಮ್' 2007ರಲ್ಲಿ ಬಂತು. ಅದನ್ನು ಓದಿ, ಮಧ್ಯಾಹ್ನದ ಹೊತ್ತು ಹೋಗದೆ ಬರೆದದ್ದು ಎನ್ನುವ ಧೈರ್ಯ ಯಾರಿಗಿದೆ? ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಎದ್ದು ನಿಂತಿರುವುದೂ ಚೀಟಿಗಳ ಮೇಲೆಯೇ. ವಿದ್ವಾಂಸರು ಚೀಟಿ ಬರೆದರೆ ಪಾಂಡಿತ್ಯ, ಗೃಹಿಣಿ ಬರೆದರೆ ಕಾಲಕ್ಷೇಪವೇ?

ನಾನೀಗ ಬರೆದಿಡುತ್ತಿರುವುದು ಈ ಊರಿನ ವಯಸ್ಸಾದ ಹೆಂಗಸರ ನೆನಪುಗಳನ್ನು. ಗಂಡಂದಿರ ಪಾಳಿಗೆ ಹೊಂದಿಸಿ ಒಲೆ ಹಚ್ಚಿದವರು, ವಿಮಾನದ ಸದ್ದಿಗೆ ಬೆಚ್ಚುವ ಕೂಸನ್ನು ಎದೆಗವಚಿಕೊಂಡವರು. ಇಲ್ಲಿ ಕಟ್ಟಿದ ಮಾರುತ್ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು ಎಂದು ಪುಸ್ತಕಗಳು ಹೇಳುತ್ತವೆ. ವಿಮಾನ ಕಟ್ಟಿದವರಿಗೆ ಬುತ್ತಿ ಕಟ್ಟಿದವರ ಮಾತನ್ನು ಯಾವ ಪುಸ್ತಕದಲ್ಲಿ ಹುಡುಕೋಣ? ಅವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಇಂದು ಕೇಳದಿದ್ದರೆ ನಾಳೆ ಕೇಳಲು ಯಾರೂ ಇರುವುದಿಲ್ಲ.

ಇದಕ್ಕೆ ಬೇಕಾದದ್ದು ದೊಡ್ಡ ಸಲಕರಣೆಯೇನಲ್ಲ. ಒಂದು ಟಿಪ್ಪಣಿಯಲ್ಲಿ ಒಂದೇ ವಿಷಯ. ಯಾರು ಹೇಳಿದರು, ಎಲ್ಲಿ, ಯಾವತ್ತು ಎಂಬ ಮೂರು ವಿವರ. ಕಂಡದ್ದು ಬೇರೆ, ಕೇಳಿದ್ದು ಬೇರೆ, ನನ್ನ ಊಹೆ ಬೇರೆ ಎಂದು ಗುರುತು. ಇಷ್ಟಾದರೆ ಮೊಬೈಲೂ ಸಾಕು. ಆದರೆ ಯುನಿಕೋಡ್ ಕನ್ನಡದಲ್ಲೇ ಬರೆಯಿರಿ. 1991ರಿಂದಲೂ ಕನ್ನಡಕ್ಕೆ ಅದರಲ್ಲಿ ಜಾಗವಿದೆ. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯುನಿಕೋಡಿನಲ್ಲಿದ್ದರೆ 'ಬುತ್ತಿ' ಎಂದು ಹುಡುಕಿದೊಡನೆ ಹತ್ತು ಅಜ್ಜಿಯರ ಬುತ್ತಿ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ.

ಯಂತ್ರ ಬಂದು ಬರವಣಿಗೆ ಕೆಟ್ಟಿತು ಎನ್ನುವ ಹಿರಿಯರ ಜೊತೆ ನನ್ನ ಜಗಳ ಸಣ್ಣದು. ದೊಡ್ಡ ಜಗಳ ನಮ್ಮವರೊಂದಿಗೇ ಇದೆ. 'ಏನೋ ಗೀಚುತ್ತೇನೆ' ಎಂದು ನಾಚಿ ನಗುವ ಗೆಳತಿಯರೇ, ಹವ್ಯಾಸ ಎಂಬುದು ರಿಯಾಯಿತಿ. ಅದನ್ನು ಒಪ್ಪಿದರೆ ನಮ್ಮ ಬರಹಕ್ಕೆ ಯಾರೂ ಪುರಾವೆ ಕೇಳುವುದಿಲ್ಲ, ನಿಜ. ಹಾಗೆಯೇ ಒಂದು ಮೇಜನ್ನಾಗಲಿ, ಯಾರೂ ಕೂಗಿ ಎಬ್ಬಿಸದ ಒಂದು ಗಂಟೆಯನ್ನಾಗಲಿ ಯಾರೂ ಕೊಡುವುದಿಲ್ಲ. ಪುರಾವೆ ಕೇಳಲಿ, ತೋರಿಸೋಣ. ಗಂಟೆಯನ್ನು ನಾವು ಕೇಳೋಣ. ಬರೆದದ್ದರ ಕೆಳಗೆ ತಾರೀಖಿನ ಜೊತೆ ಪೂರ್ತಿ ಹೆಸರನ್ನೂ ಹಾಕೋಣ.