ಯಂತ್ರದ ಮಾತನ್ನೂ ಓದೋಣ

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಗಣಕಯಂತ್ರದ ಒಳಮರ್ಮವೇಕೆ ಎಂದು ಕೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಯಂತ್ರ ಕೆಟ್ಟರೆ ಅಂಗಡಿಯುಂಟು, ಕೇಳಿದಷ್ಟು ಕೊಟ್ಟರಾಯಿತು ಎಂಬುದು ಅವರ ವಾದ. ಕಳೆದ ವರ್ಷದವರೆಗೆ ನಾನೂ ಆ ಪಂಗಡದವನೇ ಆಗಿದ್ದೆನೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕತ್ರಿಗುಪ್ಪೆಯ ನಮ್ಮ ಮನೆಯ ಮುಂಗೋಣೆಯಲ್ಲಿ ಅಮ್ಮನ ಹೊಲಿಗೆಯಂತ್ರದ ಪಕ್ಕದಲ್ಲಿಯೇ ಅಕ್ಕನ ಗಣಕಯಂತ್ರವಿದೆ. ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಅಕ್ಕ ಅದರಲ್ಲಿ ಲಗ್ನಪತ್ರಿಕೆಗಳನ್ನು ಜೋಡಿಸಿ ಮುದ್ರಣಾಲಯಕ್ಕೆ ಕೊಡುತ್ತಾಳೆ. ಮನೆಬಾಡಿಗೆಯಲ್ಲಿ ಅರ್ಧಪಾಲು ಆ ದುಡಿಮೆಯದು. ಎಲ್ಲರೂ ಮಲಗಿದ ಮೇಲೆ ನಾನು ಅದರಲ್ಲಿ ಕಾರು ಓಡಿಸುವ ಆಟವಾಡುತ್ತಿದ್ದೆ. ಒಂದು ರಾತ್ರಿ ಆಟ ನಡುವೆಯೇ ನಿಂತು ಪರದೆ ಕಪ್ಪಾಯಿತು. ಗಾಬರಿಯಿಂದ ಗುಂಡಿಯನ್ನು ಒತ್ತಿಹಿಡಿದು ಆರಿಸಿಬಿಟ್ಟೆ. ಬೆಳಗ್ಗೆ ನೋಡಿದರೆ ಅಕ್ಷರಗಳು ಊದಿಕೊಂಡಿದ್ದವು, ಚಿತ್ರಗಳು ಮಬ್ಬಾಗಿದ್ದವು. ಅಕ್ಕನಿಗೆ ಎರಡೇ ದಿನದ ಗಡುವು. ಮುಹೂರ್ತ ನಮಗಾಗಿ ಕಾಯುವುದೆ?

ಅಂಗಡಿಯವರು ಪೆಟ್ಟಿಗೆಯನ್ನು ಬಿಚ್ಚದೆಯೇ, "ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಆರು ಸಾವಿರ ಆಗ್ತದೆ" ಎಂದರು. ಅಪ್ಪ ಚೀಟಿ ಎತ್ತಲು ಹೊರಟು, ಬಾಗಿಲಲ್ಲಿ ನಿಂತು ಹೇಳಿದರು: "ಅದರಾಗೆ ಏನೋ ಬರೆದು ಬರ್ತಿತ್ತಲ್ಲ, ನೀನು ಓದಿದೋನು, ಏನು ಹೇಳ್ತದೆ ನೋಡಪ್ಪ." ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೆ ಆ ಸಂದೇಶವನ್ನು ನಾನು ಓದಿಯೇ ಇರಲಿಲ್ಲ! ಇಂಗ್ಲಿಷಿನಲ್ಲಿತ್ತು, ಕಂಡೊಡನೆ ಮುಚ್ಚಿದ್ದೆ.

ಹಳೆಯ ಸಂದೇಶಗಳನ್ನು ವಿಂಡೋಸ್ 'ಈವೆಂಟ್ ವ್ಯೂವರ್' ಎಂಬಲ್ಲಿ ದಾಖಲಿಸಿಡುತ್ತದೆ. ಅಲ್ಲಿ ಹುಡುಕಿ ನಿಧಾನವಾಗಿ ಓದಿದೆ. ಕಾರ್ಡ್ ಸತ್ತಿತೆಂದು ಅದು ಹೇಳಿರಲಿಲ್ಲ. ಡಿಸ್‌ಪ್ಲೇ ಡ್ರೈವರ್ ಉತ್ತರಿಸಲಿಲ್ಲವೆಂದು ಹೇಳಿತ್ತು. ಡ್ರೈವರೆಂದರೆ ವಿಂಡೋಸಿಗೂ ಕಾರ್ಡಿಗೂ ನಡುವಣ ದುಭಾಷಿ. ಸುಮಾರು 2 ಸೆಕೆಂಡು ಉತ್ತರ ಬಾರದಿದ್ದರೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಲು ಯತ್ನಿಸುತ್ತದೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದಲೂ ಈ ಏರ್ಪಾಡು ಇದೆ. ಯಂತ್ರ ಹಚ್ಚಿದಾಗ ಮೊದಲು ಮೂಡುವ ತಯಾರಕರ ಮುದ್ರೆ ಸ್ವಚ್ಛವಾಗಿತ್ತು, ಗೆರೆಗಳಿರಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿತ್ತು, ಹಳದಿ ಗುರುತಿನೊಡನೆ. ಆದ್ದರಿಂದ ಸಂಶಯ ಮೊದಲು ಡ್ರೈವರಿನ ಮೇಲೆಯೇ ಹೋಗಬೇಕು. ಅದನ್ನು ತೆಗೆದು, ತಯಾರಕರಿಂದಲೇ ಹೊಸದನ್ನು ಪಡೆದು ಹಾಕಿದೆ. ಅಕ್ಷರಗಳು ತಮ್ಮ ರೂಪಕ್ಕೆ ಮರಳಿದವು. ಅಕ್ಕನ ಪತ್ರಿಕೆ ವೇಳೆಗೆ ಮುಗಿಯಿತು.

ಆದರೆ ಆಟ ಮೊದಲು ನಿಂತದ್ದೇಕೆ? ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ಉಷ್ಣತೆಯನ್ನು ನೋಡುತ್ತ ಮತ್ತೆ ಆಡಿದೆ. ಅಂಕಿ ಏರುತ್ತಲೇ ಹೋಯಿತು. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿದೆ. ಅಮ್ಮನ ಹೊಲಿಗೆಯ ದಾರದ ಜೂಲು ಫ್ಯಾನಿನ ತುಂಬ ಹತ್ತಿಯಂತೆ ಕೂತಿತ್ತು! ಒಂದು ಬ್ರಷ್ಷಿನಿಂದ ಕೆಲಸ ಮುಗಿಯಿತು.

ಅಂಗಡಿಯವರು ಮೋಸಗಾರರೆಂದು ನಾನು ಹೇಳಲಾರೆ. ಒಂದು ಗಂಟೆ ಕೂತು ದೋಷ ಹುಡುಕಿದರೆ ನಾವು ಕೂಲಿ ಕೊಡುವುದಿಲ್ಲ, ಹೊಸ ಕಾರ್ಡಿಗಾದರೆ ಕೊಡುತ್ತೇವೆ. ಎಲ್ಲ ರಿಪೇರಿಯೂ ನಮ್ಮಿಂದಾದೀತೆಂದೂ ಅಲ್ಲ. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನು ತಿಳಿಯದವರು ಬಿಚ್ಚಕೂಡದು. ಆದರೆ ಹಣ ಕೊಡುವ ಮುನ್ನ "ಯಾವ ಆಧಾರದಿಂದ?" ಎಂದು ಕೇಳುವಷ್ಟು ತಿಳಿವಳಿಕೆ ಬೇಡವೆ? ಶಾಸನವೊಂದನ್ನು ನಂಬುವ ಮುನ್ನ ಬರೆಸಿದವರಾರು, ಎಂದು, ಏಕೆ ಎಂದು ಕೇಳಲು ನಮ್ಮ ಇತಿಹಾಸದ ಅಧ್ಯಾಪಕರು ಕಲಿಸಿದ್ದಾರೆ. ನಾನು ಆ ರಾತ್ರಿ ಮಾಡಿದ್ದು ಅದನ್ನೇ.

1997ರಲ್ಲಿ ರಾಜೇಶ್ ರಾವ್ ಅವರು ಇದೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ ಹೊರದೇಶದ ಆಟಗಳಿಗೆ ಚಿತ್ರ ರಚಿಸಿಕೊಟ್ಟು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಆಟದ ಚಿತ್ರಗಳನ್ನು ಬರೆಯಬಲ್ಲ ಊರಿನಲ್ಲಿ, ಆ ಚಿತ್ರ ಕೆಟ್ಟಾಗ ಬರುವ ನಾಲ್ಕು ಸಾಲುಗಳಿಗೆ ನಾವು ಹೆದರುವುದು ಶೋಭೆಯಲ್ಲ.

ಆದಕಾರಣ ನನ್ನದೊಂದು ನಮ್ರ ಸೂಚನೆ. ನಮ್ಮ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಯಂತ್ರದ ದೋಷವನ್ನು ಸರಿಪಡಿಸಿಕೊಂಡವರು ಕಂಡ ಲಕ್ಷಣ, ಬಂದ ಸಂದೇಶ, ಮಾಡಿದ ಪರೀಕ್ಷೆ, ಸಿಕ್ಕ ಕಾರಣ ಇವನ್ನು ಕನ್ನಡದಲ್ಲಿ ಬರೆಯಲಿ. ಮೊದಲ ಪುಟವನ್ನು ನಾನು ಬರೆಯುತ್ತೇನೆ. ಮನೆಯವರು ನಮ್ಮನ್ನು ಓದಿದವರೆಂದು ನಂಬಿದ್ದಾರೆ. ಓದದೆ ಮುಚ್ಚುವ ಅಭ್ಯಾಸವನ್ನು ನಾವು ಬಿಡದಿದ್ದರೆ ಆ ನಂಬಿಕೆಗೆ ಅರ್ಹರಾಗುವುದು ಹೇಗೆ?