ಅರ್ಧದಿಂದ ಕಾಲಿಗೆ ಇಳಿದ ಸಂಶೋಧನೆ

ಚೆನ್ನೈನ ಐಐಟಿಯಲ್ಲಿ ಸಂಸ್ಥೆಯ ಸಹಾಯಧನ ಪಡೆದು ಮಾನವಿಕ ವಿಷಯಗಳಲ್ಲಿ ಪಿಎಚ್‌.ಡಿ. ಮಾಡುವವರಿಗೆ 2023ರಿಂದ ಆರಂಭದಲ್ಲಿ ತಿಂಗಳಿಗೆ 37,000 ರೂಪಾಯಿ. ಯುಜಿಸಿಯ ಜೆಆರ್‌ಎಫ್ ಮೊತ್ತವೂ ಅಷ್ಟೇ. ನೆಟ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವರಿಗೆ 8,000. ಅದೇ ಚೆನ್ನೈನ ಮದ್ರಾಸ್ ವಿಶ್ವವಿದ್ಯಾಲಯ ರಾಜ್ಯದ್ದು. ಅಲ್ಲಿನ ಕನ್ನಡ ವಿಭಾಗದ ಸಂಶೋಧಕರಿಗೆ ಆ 8,000ದ ಯೋಜನೆಯೂ ಅನ್ವಯಿಸದು.

ಎಂಟು ಸಾವಿರ ನಿಗದಿಯಾದದ್ದು 2012ರಲ್ಲಿ. ಆಗ ಜೆಆರ್‌ಎಫ್ 16,000. ಇದು ಅದರ ಅರ್ಧ. ಈಗ ಕಾಲು ಭಾಗವೂ ಅಲ್ಲ. 2015ರಲ್ಲಿ ಇದನ್ನೂ ನಿಲ್ಲಿಸಲು ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಅದರ ಕಚೇರಿಯ ಮುಂದೆ ಧರಣಿ ಕೂತರು. ಯೋಜನೆ ಉಳಿಯಿತು, ಮೊತ್ತ ಕದಲಲಿಲ್ಲ.

ಯೋಗ್ಯತೆಯಿದ್ದರೆ ನೆಟ್ ಪಾಸಾಗಲಿ ಎನ್ನುವವರಿದ್ದಾರೆ. ಪಾಸಾದವರಿಗೆಲ್ಲ ಜೆಆರ್‌ಎಫ್ ಸಿಗುವುದಿಲ್ಲ. ಮೇಲಾಗಿ, ನಾಲ್ಕರಲ್ಲೊಂದು ಉತ್ತರ ಆರಿಸುವ ಪರೀಕ್ಷೆ ತಾಳೆಗರಿ ಓದಬಲ್ಲವರನ್ನು ಹೇಗೆ ಗುರುತಿಸೀತು? ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಹಸ್ತಪ್ರತಿಗಳಿವೆ. ಅವನ್ನು ಓದಲು ವರ್ಷಗಳು ಬೇಕು; ಅಷ್ಟೂ ವರ್ಷ ಊಟ, ಬಾಡಿಗೆ ನಡೆಯಬೇಕು.

ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟಿನ ನಾಲ್ಕು ಸಂಪುಟಗಳನ್ನು 1968–71ರಲ್ಲಿ ಪ್ರಕಟಿಸಿದ್ದು ಇದೇ ಮದ್ರಾಸ್ ವಿಶ್ವವಿದ್ಯಾಲಯ. ಅಂಥ ಕೆಲಸ ಬಿಡುವಿನ ವೇಳೆಯಲ್ಲಿ ಆಗುವಂಥದ್ದಲ್ಲ. ಮನೆಯಲ್ಲಿ ದುಡ್ಡಿದ್ದವರಷ್ಟೇ ಅದಕ್ಕೆ ಕೈಹಾಕಬಹುದಾದರೆ, ಕನ್ನಡದ ಯಾವ ಮಾತು ದಾಖಲಾಗಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಾರೆ.

ಯುಜಿಸಿ 2012ರ ಅರ್ಧದ ಲೆಕ್ಕಕ್ಕೇ ಮರಳಲಿ: 18,500 ಕೊಡಲಿ, ರಾಜ್ಯ ವಿಶ್ವವಿದ್ಯಾಲಯಗಳಿಗೂ ಕೊಡಲಿ. ಗಡಿಯಾಚೆಯ ಕನ್ನಡದ ಬಗ್ಗೆ ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುವ ಕರ್ನಾಟಕ ಸರ್ಕಾರ, ಹೊರರಾಜ್ಯದ ಕನ್ನಡ ವಿಭಾಗಗಳ ಪ್ರತಿ ಸಂಶೋಧಕರಿಗೂ ಮಾಸಿಕ ವೇತನ ನಿಗದಿ ಮಾಡಲಿ.